ಲೀಲಂಡನ ಗುಂಡಿ

ಟ್ವೈಲಾ: ಚರ್ಚಿಗೆ ಹೋಗೋಕೆ, ಹಾಲು-ಮೊಟ್ಟೆ ತರೋಕೆ, ಕ್ಷೌರದಂಗಡೀಲಿ ಕೂತು ಹರಟೆ ಹೊಡೆಯೋಕೆ. ಇಷ್ಟಕ್ಕೆ ಈ ರಾಕ್ಷಸನ ಟೈರು ಬೇಕಾ ನಿನಗೆ?

ಲೀಲಂಡ್: ರಾಕ್ಷಸನ ಟೈರಲ್ಲ ಕಣೇ, ಆಲ್-ಟೆರೇನ್ ಟೈರು. ಎಲ್ಲಾ ಥರದ ನೆಲಕ್ಕೂ ಆಗತ್ತೆ.

ಟ್ವೈಲಾ: ನೀನು ಓಡಾಡೋದು ಒಂದೇ ಥರದ ನೆಲ. ಅದಕ್ಕೆ ಟಾರು ಹಾಕಿದಾರೆ.

ಲೀಲಂಡ್: ಇನ್ಮೇಲೆ ಬೇರೆ ಕಡೆನೂ ಓಡಾಡ್ತೀನಿ.

ಟ್ವೈಲಾ: ಎಲ್ಲಿಗೆ? ಕ್ಷೌರದಂಗಡಿ ಒಳಗಡೆಗೇನಾ?

ಗೇಲನ್‌ನ ಟೈರಂಗಡಿಯಲ್ಲಿ ನಾನು ಪಂಕ್ಚರ್ ಹಾಕಿಸಿಕೊಳ್ಳಲು ಹೋಗಿ ಕುಳಿತಿದ್ದೆ. ವಯೋಮಿಂಗ್‌ನ ಈ ಮೂಲೆಯಲ್ಲಿ ಮನುಷ್ಯರಿಗಿಂತ ಪಿಕಪ್‌ಗಳೇ ಹೆಚ್ಚು, ಹಾಗಾಗಿ ಅಂಗಡಿ ಎಂದೂ ಖಾಲಿ ಇರುವುದಿಲ್ಲ. ಇಲ್ಲಿ ಕೊಡುವ ಕಾಫಿ ಬಾಯಿಗಿಡುವಂತಿಲ್ಲ, ಆದರೆ ಜಗಳಗಳು ಬಹಳ ಚೆನ್ನಾಗಿರುತ್ತವೆ. ಅವತ್ತು ಕೌಂಟರಿನ ಮುಂದೆ ನಿಂತಿದ್ದವನು ಇನ್ಶೂರೆನ್ಸ್ ಮಾರುವ ಲೀಲಂಡ್. ಒಮಾಹಾ ನಗರದಿಂದ ಬಂದು, ಓರಿನ್ ಮುದುಕನ ದನ ಸಾಕುವ ರ‍್ಯಾಂಚಿಗೆ ಅಳಿಯನಾಗಿ, ಊರಿನವನೇ ಆಗಿಬಿಟ್ಟವನು. ಅಥವಾ ಹಾಗಂತ ತಾನೇ ಅಂದುಕೊಂಡವನು. ಪಕ್ಕದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತವಳು ಓರಿನ್‌ನ ಮಗಳು ಟ್ವೈಲಾ. ಕೌಂಟರಿನ ಆಚೆ ಗೇಲನ್. ಅವನು ಟ್ವೈಲಾಳ ಶಾಲೆಯ ಗೆಳೆಯ. ಗಿರಾಕಿಯನ್ನೂ ಬಿಡಬಾರದು, ಗೆಳತಿಯ ಕೈಲೂ ಬೈಸಿಕೊಳ್ಳಬಾರದು ಎನ್ನುವ ಸಂಕಟ ಅವನ ಮುಖದ ಮೇಲೇ ಕಾಣುತ್ತಿತ್ತು.

ಗೇಲನ್: ನೋಡು ಲೀಲಂಡ್, ಇಲ್ಲಿ ಮೂರಿದೆ. ಮೊದಲನೇದು ಸೌಮ್ಯ. ಹೈವೇಲಿ ಸದ್ದೇ ಬರಲ್ಲ.

ಲೀಲಂಡ್: ಇದು ಬೇಡ. ಪಾದ್ರಿಗಳ ಗಾಡಿಗೆ ಹಾಕು.

ಗೇಲನ್: ಎರಡನೇದಕ್ಕೆ ಹಲ್ಲು ಸ್ವಲ್ಪ ಜಾಸ್ತಿ. ಜೇನ್ನೊಣದ ಥರ ಗುಂಯ್ ಅನ್ನತ್ತೆ. ಮೂರನೇದು ಹಾಕಿದ್ರೆ ಗಾಡಿ ಒಳಗೆ ಗಂಡ ಹೆಂಡ್ತಿ ಮಾತು ಒಬ್ಬರಿಗೊಬ್ಬರಿಗೆ ಕೇಳ್ಸಲ್ಲ.

ಲೀಲಂಡ್: ಮೂರನೇದು ತೋರ್ಸು.

ಟ್ವೈಲಾ: ಗೇಲನ್!

ಗೇಲನ್: ನಾನು ಟೈರಿನ ಗುಣ ಹೇಳಿದೆ ಕಣೇ ಅಷ್ಟೆ.

ಟ್ವೈಲಾ: ಗಾಡಿ ಇಷ್ಟೆತ್ತರ ಆದ್ರೆ ನಾನು ಹತ್ತೋದು ಹೇಗೆ? ನನ್ನ ಮಂಡಿ ಕಥೆ ಗೊತ್ತಲ್ಲ.

ಲೀಲಂಡ್: ಪಕ್ಕಕ್ಕೆ ಮೆಟ್ಟಿಲು ಹಾಕಿಸ್ತೀನಿ.

ಟ್ವೈಲಾ: ಇವತ್ತು ಟೈರು, ನಾಳೆ ಮೆಟ್ಟಿಲು, ನಾಡಿದ್ದು ಮುಂದುಗಡೆ ಕಬ್ಬಿಣದ ಕಂಬಿ, ಆಚೆ ನಾಡಿದ್ದು ತಲೆ ಮೇಲೆ ನಾಲ್ಕು ದೀಪ. ಗಾಡಿ ಮಿಲಿಟರಿಗೆ ಸೇರತ್ತೆ, ನೀನು ಮಾತ್ರ ಮನೇಲೇ ಇರ್ತೀಯ.

ಲೀಲಂಡ್ ಬಗ್ಗಿ ಮೂರನೆಯ ಟೈರನ್ನು ತಟ್ಟಿ ನೋಡಿದ. ಕುದುರೆ ಕೊಳ್ಳುವವರು ಹೀಗೆ ತಟ್ಟುವುದನ್ನು ನೋಡಿದ್ದೇನೆ. ಟೈರನ್ನು ತಟ್ಟಿದರೆ ಏನು ತಿಳಿಯುತ್ತದೋ ನನಗೆ ಗೊತ್ತಿಲ್ಲ, ಅವನಿಗೂ ಗೊತ್ತಿದ್ದಂತೆ ಕಾಣಲಿಲ್ಲ.

ಗೇಲನ್: ಕಂಪನಿ ಹೆಸರಿನ ಬಿಳಿ ಅಕ್ಷರ ಇರೋ ಪಕ್ಕ ಒಳಗಿರ್ಲೋ, ಹೊರಗಿರ್ಲೋ?

ಲೀಲಂಡ್: ಹೊರಗೆ.

ಟ್ವೈಲಾ: ಒಳಗೆ.

ಲೀಲಂಡ್: ಹೊರಗೇ ಇರ್ಬೇಕು. ಜನ ಓದ್ಬೇಕು.

ಟ್ವೈಲಾ: ಯಾವ ಜನ? ಹಸುಗಳಾ?

ಗೇಲನ್: ಅಂದ್ಹಾಗೆ ಬೇಟೆಗೆ ಹೋಗೋ ಪ್ಲಾನ್ ಇದ್ಯಾ? ಎರಡು ಜಿಂಕೆ ಹಿಂದೆ ಹಾಕ್ಕೊಂಡು ಬಂದ್ರೂ ಈ ಟೈರು ಜಗ್ಗಲ್ಲ.

ಟ್ವೈಲಾ: ಇವನು ಜಿಂಕೆ ಹೊಡೆಯೋದಾ! ಅಡಿಗೆಮನೇಲಿ ಇಲಿ ಬೋನಿಗೆ ಬಿದ್ರೆ ಅದನ್ನ ಕೈಯಾರೆ ತಗೊಂಡು ಹೋಗಿ ಹೊಲದಲ್ಲಿ ಬಿಟ್ಟು, ಹುಷಾರಾಗಿ ಹೋಗು ಅಂತ ಹೇಳಿ ಬರ್ತಾನೆ. ನನಗೆ ಗೊತ್ತು ಈ ಟೈರು ಯಾಕೆ ಅಂತ. ಶನಿವಾರ ಪ್ರೆಸ್ಟನ್ ಬರ್ತಿದಾನೆ. ಅವನ ಮುಂದೆ ಜಂಬ ಕೊಚ್ಚೋಕೆ.

ಗೇಲನ್: ಯಾರು ಪ್ರೆಸ್ಟನ್?

ಟ್ವೈಲಾ: ನಮ್ಮ ಮಗಳು ಕಾರ್ಲೀನ ಮದುವೆ ಆಗೋ ಹುಡುಗ. ಡೆನ್ವರ್‌ನೋನು. ಪಿಯಾನೋ ಶ್ರುತಿ ಮಾಡ್ತಾನೆ. ಅಪ್ಪನ ಮನೇಲಿ ಕರುಗಳಿಗೆ ಕಾದ ಕಬ್ಬಿಣದ ಮುದ್ರೆ ಹಾಕೋ ದಿನ ಅಲ್ವಾ, ಊರೆಲ್ಲ ಸೇರತ್ತೆ, ಎಲ್ಲರನ್ನೂ ಒಟ್ಟಿಗೇ ನೋಡ್ಲಿ ಅಂತ ಕರೆದಿದೀವಿ. ಪಾಪ, ಟೈರಿಗೂ ಡೋನಟ್ಟಿಗೂ ವ್ಯತ್ಯಾಸ ಗೊತ್ತಿಲ್ಲ ಆ ಹುಡುಗಂಗೆ. ಅವನ ಮುಂದೆ ಇವನ ಪ್ರದರ್ಶನ!

ಲೀಲಂಡ್: ಪ್ರೆಸ್ಟನ್‌ಗಲ್ಲ! ಬೇಟೆಗೂ ಅಲ್ಲ! ಗುಂಡಿ ದಾಟೋಕೆ!

ಯಾವ ಗುಂಡಿ ಎಂದು ಯಾರೂ ಕೇಳಲಿಲ್ಲ. ನಮ್ಮ ಕಡೆ ಗುಂಡಿ ಅಂದರೆ ಒಂದೇ. ಹೈವೇಯಿಂದ ಓರಿನ್‌ನ ರ‍್ಯಾಂಚಿಗೆ ಹೋಗುವ ಹಳೇ ದಾರಿ ಒಂದು ತಗ್ಗಿಗೆ ಇಳಿಯುತ್ತದೆ. ಅಲ್ಲಿನ ಜೇಡಿಮಣ್ಣು ಒಣಗಿದ್ದರೆ ಸಿಮೆಂಟು, ಒಂದು ಮಳೆ ಬಿದ್ದರೆ ಗಾಡಿಯನ್ನು ಅಚ್ಚಿನವರೆಗೂ ನುಂಗುತ್ತದೆ. ಮದುವೆಯಾದ ಹೊಸದರಲ್ಲಿ ಲೀಲಂಡ್ ಅಲ್ಲಿ ಹೂತುಕೊಂಡಿದ್ದ. ಅಂದಿನಿಂದ ಅದು ಲೀಲಂಡನ ಗುಂಡಿ.

ಲೀಲಂಡ್: ಸ್ಕೂಲ್ ಬಸ್ಸು ಲೀಲಂಡನ ಗುಂಡಿ ಹತ್ರ ನಿಲ್ಲತ್ತೆ. ಪೇಪರ್‌ನಲ್ಲಿ ಹಾಕ್ತಾರೆ, ಲೀಲಂಡನ ಗುಂಡಿ ಪಕ್ಕ ಕಪ್ಪು ಹಸು ತಪ್ಪಿಸ್ಕೊಂಡಿದೆ ಅಂತ. ಮೊನ್ನೆ ಹೊಸದಾಗಿ ಬಂದ ಟೀಚರಮ್ಮಂಗೆ ನನ್ನ ಹೆಸರು ಹೇಳಿದ್ರೆ, ಓಹೋ, ಆ ಗುಂಡಿ ಹೆಸರನ್ನೇ ನಿಮಗೂ ಇಟ್ಟಿದಾರಾ ಅಂತ ಕೇಳಿದ್ಲು!

ಗೇಲನ್: (ನಗು ತಡೆದುಕೊಂಡು) ಅವಳಿಗೇನು ಗೊತ್ತು, ಹೊಸಬಳು.

ಲೀಲಂಡ್: ಈಗ ಕೌಂಟಿ ಸರ್ಕಾರದವರು ದಾರಿಗಳಿಗೆಲ್ಲ ಹಸಿರು ಬೋರ್ಡು ಹಾಕ್ತಿದಾರೆ. ಆಂಬುಲೆನ್ಸ್‌ನೋರಿಗೆ ಗುರುತು ಸಿಗ್ಲಿ ಅಂತ. ಬರೋ ವಾರ ಹೆಸರು ಬರೆಯೋಕೆ ಕೊಡ್ತಾರಂತೆ. ಬೋರ್ಡಾಗಿಬಿಟ್ರೆ ಮುಗೀತು. ನಾನು ಸತ್ತ ಮೇಲೂ ಅಲ್ಲೇ ನಿಂತಿರತ್ತೆ. ಶನಿವಾರ ಊರೆಲ್ಲ ಅಲ್ಲಿರತ್ತೆ. ಎಲ್ಲರ ಕಣ್ಮುಂದೆ ಒಂದು ಸಲ ದಾಟಿ ತೋರಿಸ್ಬೇಕು ಗೇಲನ್. ಒಂದೇ ಸಲ.

ನನಗೆ ನಿಜವಾಗಿಯೂ ಅಯ್ಯೋ ಅನ್ನಿಸಿತು. ಮನುಷ್ಯ ಊರಿಗೆಲ್ಲ ಇನ್ಶೂರೆನ್ಸ್ ಮಾಡಿಸಿ, ಆಲಿಕಲ್ಲು ಬಿದ್ದ ವರ್ಷ ಎಲ್ಲರ ಕ್ಲೇಮುಗಳಿಗೂ ಒದ್ದಾಡಿ, ಕೊನೆಗೆ ಗುಂಡಿಯಾಗಿ ಉಳಿಯುವುದೆಂದರೆ! ಅವನು ನನ್ನ ಕಡೆ ತಿರುಗಿ, ನೀವೇ ಹೇಳಿ, ತಪ್ಪಾ, ಎಂದು ಕೇಳಿದ. ನಾನು ಯಾವುದೋ ಕಾಲದ ಮೀನು ಹಿಡಿಯುವ ಪತ್ರಿಕೆಯೊಳಗೆ ಮುಖ ಹುದುಗಿಸಿದೆ. ಗಂಡ ಹೆಂಡಿರ ಮಧ್ಯೆ ನಾನು ಎಂದೂ ಬಾಯಿ ಹಾಕುವವನಲ್ಲ.

ಟ್ವೈಲಾ: ಶುಕ್ರವಾರ ಮಳೆ ಅಂತೆ. ನೀನು ಮತ್ತೆ ಹೂತ್ಕೊಂಡ್ರೆ?

ಲೀಲಂಡ್: ಅದಕ್ಕೇ ತಾನೇ ಈ ಟೈರು! ಗೇಲನ್, ಇದು ಆ ಜೇಡೀಲಿ ಹೋಗತ್ತಲ್ಲ?

ಗೇಲನ್: ಹೋಗತ್ತೆ.

ಲೀಲಂಡ್: ನೋಡಿದ್ಯಾ?

ಗೇಲನ್: ಹಳೇ ಟೈರಿಗಿಂತ ಒಂದು ಗಾಡಿ ಉದ್ದ ಮುಂದಕ್ಕೆ ಹೋಗಿ ಅಲ್ಲಿ ಹೂತ್ಕೊಳತ್ತೆ. ಆ ಜೇಡಿ ಯಾವ ಹಲ್ಲಿಗೂ ಮೆತ್ಕೊಳತ್ತೆ ಮಾರಾಯ. ಇನ್ನೊಂದು ಮಾತು. ದಾಟಿದ್ರೂ ಹೆಸರು ಹೋಗಲ್ಲ. ಒಣಗಿದ್ದಾಗ ನಾನು ಎಷ್ಟು ಸಲ ದಾಟಿಲ್ಲ? ಗೇಲನ್ ದಾಟಿದ ಜಾಗ ಅಂತ ಯಾರಾದ್ರೂ ಅಂತಾರಾ? ಇನ್ನೊಬ್ಬ ಹೂತ್ಕೋಬೇಕು. ಅವನನ್ನ ನಾಲ್ಕು ಜನರ ಎದುರಿಗೆ ಹಗ್ಗ ಹಾಕಿ ಎಳೀಬೇಕು. ಆಗ ಹೆಸರು ಅವನಿಗೆ ಹೋಗತ್ತೆ. ಓರಿನ್ ಹೆಸರು ಹೋಗಿದ್ದು ಹೇಗೆ ಮತ್ತೆ?

ಟ್ವೈಲಾ: ಗೇಲನ್, ಇವರ ಪಂಕ್ಚರ್ ಏನಾಯ್ತು ನೋಡ್ಕೊಂಡು ಬಾ ಹೋಗು.

ಲೀಲಂಡ್: ನಿಲ್ಲು. ಓರಿನ್ ಹೆಸರು ಅಂದ್ರೇನು?

ಗೇಲನ್: ಏನಿಲ್ಲ. ಬಾಯಿ ತಪ್ಪಿ ಬಂತು.

ಲೀಲಂಡ್: ಟ್ವೈಲಾ. ನಾನು ಬರೋಕೆ ಮುಂಚೆ ಆ ಗುಂಡಿಗೆ ಏನಂತಿದ್ರು?

ಟ್ವೈಲಾ: ಈಗ ಅದೆಲ್ಲ ಯಾಕೆ...

ಲೀಲಂಡ್: ಏನಂತಿದ್ರು?

ಟ್ವೈಲಾ: ಓರಿನ್‌ನ ಗುಂಡಿ.

ಲೀಲಂಡ್ ಮಾರಾಟಕ್ಕಿಟ್ಟಿದ್ದ ಟೈರಿನ ಮೇಲೆಯೇ ಕುಸಿದು ಕುಳಿತ. ಎರಡನೆಯದು, ಜೇನ್ನೊಣದ್ದು.

ಲೀಲಂಡ್: ಅವತ್ತು ಬೆಳಿಗ್ಗೆ ನಿಮ್ಮಪ್ಪ ಫೋನ್ ಮಾಡಿದ್ರು. ಹಳೇ ದಾರೀಲಿ ಬಾ, ಹತ್ರ ಆಗತ್ತೆ ಅಂದ್ರು.

ಟ್ವೈಲಾ: ಹತ್ರ ಆಗೋದು ನಿಜ.

ಲೀಲಂಡ್: ದಾರಿ ಒಣಗಿದೆ ಅಂದ್ರು.

ಟ್ವೈಲಾ: ಕೆಲವು ಕಡೆ ಒಣಗಿತ್ತು.

ಲೀಲಂಡ್: ನಾನು ಹೂತ್ಕೊಂಡು ಬಾಗಿಲು ತೆಗೆಯೋದ್ರೊಳಗೆ ಟ್ರ್ಯಾಕ್ಟರ್ ಬಂತು. ಎಂಥಾ ಪುಣ್ಯಾತ್ಮ, ಅಳಿಯನ ಕಷ್ಟ ಹೇಗೆ ಗೊತ್ತಾಯ್ತೋ ಅಂತ ನಾನು ಅವರನ್ನ ತಬ್ಕೊಂಡೆ. ತಬ್ಕೊಂಡು ಅತ್ತುಬಿಟ್ಟೆ!

ಗೇಲನ್: ಗುಡ್ಡದ ಹಿಂದೆ ಎಂಜಿನ್ ಆನ್ ಮಾಡ್ಕೊಂಡೇ ಕೂತಿದ್ದ. ನಾವೆಲ್ಲ ಜೊತೇಲೇ ಇದ್ವಲ್ಲ.

ಲೀಲಂಡ್: ನಾವೆಲ್ಲ?

ಗೇಲನ್: ಟ್ವೈಲಾ ಅಮ್ಮ ಎಲ್ಲರಿಗೂ ದಾಲ್ಚಿನ್ನಿ ರೋಲ್ ಮಾಡ್ಕೊಂಡು ಬಂದಿದ್ರು. ಅಂಥಾ ರೋಲು ಆಮೇಲೆ ನಾನು ತಿಂದೇ ಇಲ್ಲ.

ಲೀಲಂಡ್: ನಿನಗೂ ಗೊತ್ತಿತ್ತಾ ಟ್ವೈಲಾ?

ಟ್ವೈಲಾ: ಗೊತ್ತಿತ್ತು. ಇನ್ನೇನು ಮಾಡ್ಲಿ? ಸ್ಕೂಲಲ್ಲಿ ಪೂರ್ತಿ ನನ್ನನ್ನ ಗುಂಡಿಯವನ ಮಗಳು ಅಂತಿದ್ರು. ಗೇಲನ್‌ನೇ ಎಲ್ಲರಿಗಿಂತ ಜೋರಾಗಿ ಅಂತಿದ್ದ. ಗುಂಡಿಯವನ ಹೆಂಡ್ತಿ ಅಂದ್ರೆ ಹೇಗೋ ತಡ್ಕೋಬಹುದು ಅನ್ನಿಸ್ತು. ಹೆಂಡ್ತಿ ಅನ್ನಿಸ್ಕೊಳೋದು ನಾನಾಗಿ ಆರಿಸ್ಕೊಂಡಿದ್ದಲ್ವಾ?

ಲೀಲಂಡ್: ಇಷ್ಟು ವರ್ಷ ಒಂದೇ ಹಾಸಿಗೇಲಿ ಮಲಗಿ, ಒಂದು ಮಾತು ಹೇಳ್ಲಿಲ್ಲ!

ಟ್ವೈಲಾ: (ದನಿ ತಗ್ಗಿಸಿ) ಒಂದು ವಿಷಯ ಜ್ಞಾಪಿಸ್ಕೋ. ಅದಕ್ಕೆ ಮುಂಚೆ ಅಪ್ಪ ನಿನ್ನ ಹೆಸರು ಹಿಡಿದು ಕರೆದಿದ್ದುಂಟಾ? ಆ ಇನ್ಶೂರೆನ್ಸು ಬಂತಾ, ಇನ್ಶೂರೆನ್ಸಿಗೆ ಕುರ್ಚಿ ಹಾಕು ಅಂತಿದ್ರು. ಮದುವೆ ದಿನಾನೂ ಇನ್ಶೂರೆನ್ಸೇ. ನಿನ್ನನ್ನ ಎಳೆದು ಹಾಕಿದ ದಿನ ಸಂಜೆ ಊಟಕ್ಕೆ ಕೂತಾಗ ಏನಂದ್ರು?

ಲೀಲಂಡ್ ಟೋಪಿ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡ.

ಲೀಲಂಡ್: ಲೀಲಂಡ್, ಇನ್ನೊಂದು ಚೂರು ಮಾಂಸ ಹಾಕ್ಕೋ, ಅಂದ್ರು.

ಟ್ವೈಲಾ: ಅವತ್ತೇ ನೀನು ಅಳಿಯ ಆಗಿದ್ದು. ಚರ್ಚಲ್ಲಿ ಆಗಿದ್ದು ಬರೀ ಫೋಟೋಗೆ.

ಲೀಲಂಡ್ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡ. ಅವನ ಸಿಟ್ಟು ಇಳಿಯಿತು ಎಂದುಕೊಂಡು ಗೇಲನ್ ಸದ್ದಿಲ್ಲದೆ ಮೂರನೆಯ ಟೈರನ್ನು ಗೋಡೆಗೆ ಒರಗಿಸಲು ಹೋದ. ಆದರೆ ಲೀಲಂಡನ ಕಣ್ಣಿನಲ್ಲಿ ಬೇರೆ ಏನೋ ಬೆಳಗುತ್ತಿತ್ತು. ಯಾರಿಗಾದರೂ ದೊಡ್ಡ ಪಾಲಿಸಿ ಮಾರುವ ಮೊದಲು ಅವನ ಕಣ್ಣು ಹೀಗೇ ಇರುತ್ತದೆ. ನನಗೂ ಒಂದು ಮಾರಿದ್ದಾನೆ, ಬಲ್ಲೆ.

ಲೀಲಂಡ್: ಟ್ವೈಲಾ, ನಿಮ್ಮಪ್ಪ ಪ್ರೆಸ್ಟನ್‌ಗೆ ಏನಂತ ಕರೀತಾರೆ?

ಟ್ವೈಲಾ: ಪ್ರೆಸ್ಟನ್ ಅಂತಾನೇ.

ಲೀಲಂಡ್: ಟ್ವೈಲಾ.

ಟ್ವೈಲಾ: ಪಿಯಾನೋ ಅಂತಾರೆ.

ಲೀಲಂಡ್: ಹಾಂ. ಶುಕ್ರವಾರ ಮಳೆ ಅಂದ್ಯಲ್ಲ?

ಟ್ವೈಲಾ: ಬೇಡ ಲೀಲಂಡ್. ಪಾಪದ ಹುಡುಗ. ಅವನ ಕಾರು ನಾಯಿಮರಿಯಷ್ಟಿದೆ.

ಅಷ್ಟರಲ್ಲಿ ಲೀಲಂಡ್ ಫೋನ್ ಒತ್ತಿಯಾಗಿತ್ತು. ಅವನಿಗೆ ಕಿವಿ ಸ್ವಲ್ಪ ಮಂದ, ಹಾಗಾಗಿ ಅವನ ಫೋನಿನ ಮಾತು ಯಾವಾಗಲೂ ಊರಿಗೆಲ್ಲ ಕೇಳುತ್ತದೆ.

ಪ್ರೆಸ್ಟನ್: ಹಲೋ ಸರ್! ನಾನೇ ಫೋನ್ ಮಾಡೋಣ ಅಂತಿದ್ದೆ. ಶನಿವಾರ ಯಾವ ದಾರೀಲಿ ಬಂದ್ರೆ ಒಳ್ಳೇದು?

ಲೀಲಂಡ್: ಹಳೇ ದಾರೀಲಿ ಬಾಪ್ಪ. ಹತ್ರ ಆಗತ್ತೆ.

ಪ್ರೆಸ್ಟನ್: ದಾರಿ ಚೆನ್ನಾಗಿದೆಯಾ ಸರ್? ನನ್ನದು ಸಣ್ಣ ಕಾರು.

ಲೀಲಂಡ್: ಈ ಕ್ಷಣದಲ್ಲಿ ಒಣಗಿ ಗಟ್ಟಿಯಾಗಿದೆ.

ಪ್ರೆಸ್ಟನ್: ತಿರುವು ಗೊತ್ತಾಗೋದು ಹೇಗೆ?

ಲೀಲಂಡ್ ಒಮ್ಮೆ ಹೆಂಡತಿಯ ಮುಖ ನೋಡಿದ. ಅವಳು ಸೂರಿನ ಕಡೆ ನೋಡಿದಳು.

ಲೀಲಂಡ್: ಯಾರನ್ನ ಬೇಕಾದ್ರೂ ಕೇಳು. ಲೀಲಂಡನ ಗುಂಡಿ ಎಲ್ಲಿ ಅಂತ.

ಪ್ರೆಸ್ಟನ್: ನಿಮ್ಮ ಹೆಸರಲ್ಲಿ ಒಂದು ಜಾಗಾನೇ ಇದೆಯಾ ಸರ್? ಎಂಥಾ ಗೌರವ! ಕಾರ್ಲೀ ಹೇಳೇ ಇಲ್ಲ!

ಲೀಲಂಡ್: ಗೌರವ ಯಾರಿಗೂ ಖಾಯಂ ಅಲ್ಲಪ್ಪ. ಕಿರಿಯರಿಗೆ ಬಿಟ್ಟುಕೊಡ್ಬೇಕು. ಬಾ, ಬಾ. ನಿಧಾನಕ್ಕೆ ಬಾ.

ಫೋನ್ ಜೇಬಿಗಿಳಿಸಿದಾಗ ಅವನ ಭುಜಗಳು ನೆಟ್ಟಗಾಗಿದ್ದವು. ಟೋಪಿ ತಲೆಗಿಟ್ಟುಕೊಂಡ.

ಲೀಲಂಡ್: ಗೇಲನ್, ಟೈರು ಎತ್ತಿಡು. ನನಗೇನೂ ಬೇಡ. ನಡಿಯೇ ಟ್ವೈಲಾ, ಮನೆಗೆ ಹೋಗೋಣ.

ಟ್ವೈಲಾ ಕದಲಲಿಲ್ಲ. ಪಿಕಪ್ಪಿನ ಬೀಗದ ಕೈಯನ್ನು ಅವನ ಕೈಯಿಂದ ಕಿತ್ತು ಕೌಂಟರಿನ ಮೇಲೆ ಇಟ್ಟಳು.

ಟ್ವೈಲಾ: ಗೇಲನ್, ನಾಲ್ಕೂ ಚಕ್ರಕ್ಕೆ ಹಾಕು. ಮೂರನೇದೇ.

ಲೀಲಂಡ್: ಅಯ್ಯೋ, ಈಗ್ಯಾಕೆ? ನಾನು ಆ ತಗ್ಗಿಗೆ ಇಳಿಯಲ್ಲ ಕಣೇ!

ಟ್ವೈಲಾ: ನೀನು ಇಳಿಯಲ್ಲ. ಹುಡುಗನನ್ನ ಎಳೆಯೋರ‍್ಯಾರು? ಅಪ್ಪನ ಟ್ರ್ಯಾಕ್ಟರ್ ಎಂಜಿನ್ ಬಿಚ್ಚಿಟ್ಟಿದಾರೆ. ಎಳೆಯೋದು ಮಾವನ ಕೆಲಸ. ಮಳೆಗೆ ನೆಂದ ಹುಲ್ಲಿನ ಮೇಲೆ ನಿಂತು ಎಳೀಬೇಕು, ಇಡೀ ಊರು ನೋಡ್ತಿರತ್ತೆ.

ಲೀಲಂಡ್: ನಮ್ಮ ಹಳೇ ಟೈರೇ ಸಾಕಲ್ವಾ ಅಷ್ಟಕ್ಕೆ?

ಟ್ವೈಲಾ: ಸಾಕು. ಎಳೆಯೋಕೆ ಹೋಗಿ, ಜಾರಿ, ಅಳಿಯನ ಪಕ್ಕದಲ್ಲೇ ಹೂತ್ಕೊಂಡೆ ಅಂತಿಟ್ಕೋ. ಆಮೇಲೆ ಆ ಬೋರ್ಡನ್ನ ಕೌಂಟಿಯವರು ಕಲ್ಲಲ್ಲಿ ಕೆತ್ತಿಸ್ತಾರೆ.