ಹೊಳೆ ಬರುವ ಮೊದಲೇ ಗಂಟು ಕಟ್ಟಿದ ದೊಡ್ಡವ್ವ

ನಮ್ಮ ದೊಡ್ಡವ್ವನಿಗೆ ಆಪತ್ತುಗಳೆಂದರೆ ಬೀಗರಿದ್ದ ಹಾಗೆ. ಬರುತ್ತೇವೆಂದು ಅವು ಹೇಳಿ ಕಳಿಸಿರುವುದಿಲ್ಲ, ಆದರೂ ಈಕೆಯ ಮನೆಯಲ್ಲಿ ತಯಾರಿ ಮಾತ್ರ ವರ್ಷವಿಡೀ ನಡೆದಿರುತ್ತದೆ! ದೊಡ್ಡವ್ವ ಎಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಮೂಡಲಗಿ ತಾಲೂಕಿನಲ್ಲಿ ಘಟಪ್ರಭೆಯ ದಂಡೆಗೆ ಅಂಟಿಕೊಂಡ ನನ್ನ ತವರೂರಿನಲ್ಲಿ ಅವಳ ಮನೆ. ಹಿಡಕಲ್ ಡ್ಯಾಮಿನಿಂದ ನೀರು ಹೆಚ್ಚು ಬಿಟ್ಟರೆ ಹೊಳೆ ನಮ್ಮ ಓಣಿಗೇ ಬರುತ್ತದೆ.

ಮೊದಲು ಅವಳೂ ಎಲ್ಲರ ಹಾಗೇ ಇದ್ದಳು. ಒಮ್ಮೆ ಆರೋಗ್ಯ ಇಲಾಖೆಯವರು ಮೂಡಲಗಿಯಲ್ಲಿ ಹೆಣ್ಣುಮಕ್ಕಳಿಗೆ ತರಬೇತಿ ಇಟ್ಟರು. ನೆರೆ ಬಂದರೆ ಎಲ್ಲಿಗೆ ಹೋಗಬೇಕು, ನೀರು ಹೇಗೆ ಶುದ್ಧ ಮಾಡಬೇಕು, ವಾಂತಿ-ಭೇದಿಯಾದರೆ ಏನು ಕುಡಿಸಬೇಕು ಎಂದೆಲ್ಲ. ಉಳಿದವರು ಅಲ್ಲಿ ಕೊಟ್ಟ ಉಪ್ಪಿಟ್ಟು ತಿಂದು ಬಂದರು. ದೊಡ್ಡವ್ವ ಉಪ್ಪಿಟ್ಟಿನ ಜೊತೆ ತರಬೇತಿಯನ್ನೂ ನುಂಗಿಕೊಂಡು ಬಂದಳು!

ಅಂದಿನಿಂದ ಬಾಗಿಲ ಹಿಂದಿನ ಗೂಟಕ್ಕೆ ಒಂದು ಗಂಟು ತೂಗುಬಿತ್ತು. ಅದರಲ್ಲಿ ಓಆರ್‌ಎಸ್ ಪುಡಿ, ಕ್ಲೋರಿನ್ ಗುಳಿಗೆ, ಸಾಬೂನು, ಬ್ಯಾಟರಿ, ದೊಡ್ಡಪ್ಪನ ಬಿಪಿ ಗುಳಿಗೆ. ಅಷ್ಟಕ್ಕೇ ನಿಂತಿದ್ದರೆ ದೊಡ್ಡಪ್ಪ ಸುಖವಾಗಿರುತ್ತಿದ್ದ. ಆದರೆ ದಿನಕ್ಕೊಂದು ಸಾಮಾನು ಮನೆಯಿಂದ ಗಂಟಿಗೆ ಗುಳೆ ಹೋಗತೊಡಗಿತು. ಒಂದು ಲಗ್ನಕ್ಕೆ ಹೊರಟಾಗ ದೊಡ್ಡಪ್ಪ ಕೂಗಿದ:

"ನನ್ನ ಹೊಸಾ ಧೋತರ ಎಲ್ಲೈತಿ?"

"ಗಂಟಿನಾಗ ಐತಿ."

"ತಗದ ಕೊಡು ಮತ್ತ!"

"ಹೊಳಿ ಬಂದಾಗ ಸಿಗತೈತಿ ತಗೋರಿ."

ಪಾಪ, ಹಳೆಯ ಧೋತರದಲ್ಲೇ ಲಗ್ನಕ್ಕೆ ಹೋದ. ಆ ಲಗ್ನ ಇದ್ದದ್ದು ಹುಕ್ಕೇರಿಯಲ್ಲಿ. ಮದುಮಗಳಿಗೆ ಉಡಿ ತುಂಬುವಾಗ ಎಲ್ಲರೂ ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ ಹಾಕಿದರು. ದೊಡ್ಡವ್ವ ಅದರ ಮೇಲೆ ಒಂದಿಷ್ಟು ಓಆರ್‌ಎಸ್ ಪ್ಯಾಕೆಟ್ ಇಟ್ಟು, ಅದಕ್ಕೂ ಅರಿಶಿನ-ಕುಂಕುಮ ಏರಿಸಿದಳು!

"ಇದೇನ್ರೀ ಯಕ್ಕಾರ?" ಎಂದು ಹುಡುಗಿಯ ಅತ್ತೆ ಹೌಹಾರಿದಳು.

"ಹೊಳಿಸಾಲಿನ ಮನಿಗೆ ಸೊಸಿ ಬರಾಕತ್ತಾಳ. ಬಂಗಾರ ಯಾರರ ಹಾಕ್ತಾರ್ರಿ, ಇದನ್ನ ಯಾರ ಹಾಕ್ತಾರ?"

ಊರಿಗೆಲ್ಲ ಬುದ್ಧಿ ಹೇಳುವ ದೊಡ್ಡವ್ವನ ಮಾತು ಕೇಳದ ಜೀವ ಒಂದೇ ಒಂದಿತ್ತು. ಪಕ್ಕದ ಮನೆಯ ನಮ್ಮ ಚಿಗವ್ವ, ಅಂದರೆ ನಮ್ಮಪ್ಪನ ತಮ್ಮನ ಹೆಂಡತಿ, ಅವಳ ಸ್ವಂತ ನೆಗೆಣ್ಣಿ! ಮನೆ ಪಾಲಾಗುವಾಗ ಹಿತ್ತಲಿನ ಕರಿಬೇವಿನ ಗಿಡ ಯಾರಿಗೆ ಎಂದು ಇಬ್ಬರಿಗೂ ಜಗಳ ಬಿದ್ದು ಮಾತು ಬಿಟ್ಟಿದ್ದರು. ಗಿಡ ಯಾವಾಗಲೋ ಒಣಗಿಹೋಯಿತು, ಜಗಳ ಮಾತ್ರ ಚಿಗುರುತ್ತಲೇ ಇತ್ತು. ಹಾಗಂತ ಇಬ್ಬರೂ ಸುಮ್ಮನಿದ್ದರೇ? ದೊಡ್ಡವ್ವ ಎಮ್ಮೆಯ ಮೈ ತೊಳೆಯುತ್ತ ಗೋಡೆಯಾಚೆ ಕೇಳುವ ಹಾಗೆ ಹೇಳುವಳು: "ಎವ್ವಾ, ಮಳಿಗಾಲ ಬಂತು, ನೀರ ಕಾಸಿ ಆರಿಸಿ ಕುಡಿ!" ಆಚೆಯಿಂದ ಚಿಗವ್ವ ತನ್ನ ಕೋಳಿಗೆ ಉಪದೇಶ ಮಾಡುವಳು: "ಹೊಳಿ ನೀರ ಕುಡದ ಬೆಳದೇವಿ ನಾವು. ಮಂದಿ ಮಾತ ಕೇಳಬ್ಯಾಡ ನೀ!" ಎಮ್ಮೆ, ಕೋಳಿ ಏನು ತಿಳಿದುಕೊಂಡವೋ ದೇವರೇ ಬಲ್ಲ.

ಆದರೆ ಒಮ್ಮೆ ನಾನು ತವರಿಗೆ ಹೋಗಿದ್ದಾಗ ದೊಡ್ಡವ್ವ ಒಳಗೆ ಬಂದು ನನ್ನ ಮುಂದೆ ನಿಟ್ಟುಸಿರು ಬಿಟ್ಟಳು. "ಉಳದ ಮಂದೀದ ಚಿಂತಿಲ್ಲ ನನಗ. ಹೊಳಿ ಬಂದ್ರ ಈಕಿದಽ ಚಿಂತಿ. ಭಾಳ ಹಟಮಾರಿ ಅದಾಳ, ಜೀವಕ್ಕ ಏನರ ಮಾಡ್ಕೊಂಡಾಳು."

ಒಂದು ಮಧ್ಯಾಹ್ನ ಅವಳು ಪ್ರವಾಹದ ತಾಲೀಮನ್ನೂ ಮಾಡಿಸಿದಳು. ಊಟದ ಗಂಗಾಳ ಬಾರಿಸಿದ ಕೂಡಲೇ ಓಣಿಯವರೆಲ್ಲ ದಿಬ್ಬದ ಮೇಲಿನ ಶಾಲೆ ಸೇರಬೇಕು. ಜನ ನಗುತ್ತಲೇ ಹೋದರು. ಚಿಗವ್ವ ಬಾಗಿಲು ಹಾಕಿಕೊಂಡಳು. ದೊಡ್ಡಪ್ಪ ಉಂಡು ಮಲಗಿದವನು ಏಳಲೇ ಇಲ್ಲ. ಎದ್ದು ಚಹಾ ಕೇಳಿದರೆ ಹೆಂಡತಿಯ ಉತ್ತರ ಏನಿತ್ತು ಗೊತ್ತೇ? "ನೀವು ಆಗಲೇ ಹೊಳ್ಯಾಗ ಹೋಗೀರಿ. ಹೋದವರಿಗೆ ಚಾ ಎಲ್ಲಿಂದ ಕೊಡ್ಲಿ?" ಆ ದಿನವೆಲ್ಲ ಅವನಿಗೆ ಚಹಾ ಸಿಗಲಿಲ್ಲ!

ಮರುವರ್ಷ ನಾನು ಪಂಚಮಿಗೆಂದು ಗೋಕಾಕದಿಂದ ತವರಿಗೆ ಹೋಗಿದ್ದಾಗ ಹೊಳೆ ನಿಜಕ್ಕೂ ಬಂತು. ಗಂಗಾಳ ಬಾರಿಸುವುದೇ ತಡ, ಇಡೀ ಓಣಿ ಹಬ್ಬಕ್ಕೆ ಕಟ್ಟಿದ ಉಂಡಿಯ ಡಬ್ಬಿಗಳ ಸಮೇತ ಶಾಲೆ ಸೇರಿತು. ಎಲ್ಲರಿಗಿಂತ ಮುಂದೆ ದೊಡ್ಡಪ್ಪ, ಹೊಸ ಧೋತರ ಉಟ್ಟುಕೊಂಡು! ಈ ಸಲ ಚಿಗವ್ವನೂ ಬಂದಳು, ಮೂಲೆಯಲ್ಲಿ ಮುಖ ತಿರುಗಿಸಿ ಕುಳಿತಳು. ಶಾಲೆ ಕಾಳಜಿ ಕೇಂದ್ರವಾಯಿತು, ದೊಡ್ಡವ್ವ ಅದರ ಮಹಾರಾಣಿಯಾದಳು. ನೀರು ಕುದಿಸಿದ್ದೇ ಕುದಿಸಿದ್ದು, ಕೈ ತೊಳೆಸಿದ್ದೇ ತೊಳೆಸಿದ್ದು. ದಿಬ್ಬದ ಬುಡದಲ್ಲಿ ನೆರೆ ನೀರು ಹೊಕ್ಕಿದ್ದ ಬೋರಿಗೆ ಕೆಂಪು ಬಟ್ಟೆ ಕಟ್ಟಿ, ಯಾರೂ ಮುಟ್ಟಕೂಡದೆಂದು ಸಾರಿದಳು.

ಮುಟ್ಟಿದವಳು ಚಿಗವ್ವ. "ಅಕಿ ಕುದಿಸಿದ ನೀರು ನನಗ ಬ್ಯಾಡ" ಎಂದು ಕದ್ದು ಅದೇ ಬೋರಿನ ನೀರು ಕುಡಿದಿದ್ದಳು. ಮರುದಿನ ಬೆಳಿಗ್ಗೆ ವಾಂತಿ, ಭೇದಿ. ನೋಡುನೋಡುತ್ತ ಕಣ್ಣು ಗುಳಿ ಬಿದ್ದವು, ತುಟಿ ಒಣಗಿತು. ರಸ್ತೆ ನೀರಿನಲ್ಲಿ ಮುಳುಗಿತ್ತು, ಆಂಬುಲೆನ್ಸ್ ಬರುವ ಹಾಗಿರಲಿಲ್ಲ. ಫೋನಿನಲ್ಲಿ ನರ್ಸಬಾಯಿ ಹೇಳಿದರು: "ದೋಣಿ ಕಳಸ್ತೇವ್ರಿ. ಅಲ್ಲೀತನಕ ಓಆರ್‌ಎಸ್ ಚಮಚಾಲೆ ಕುಡಿಸ್ತಾ ಇರ್ರಿ. ನಿಲ್ಲಸಬ್ಯಾಡ್ರಿ."

ದೊಡ್ಡವ್ವ ಚಿಗವ್ವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಚಮಚ ತುಟಿಗೆ ಹಿಡಿದರೆ ಚಿಗವ್ವ ಬಾಯಿ ಬಿಗಿದಳು. ಅಂಥ ಹೊತ್ತಿನಲ್ಲೂ ಹಟ! ನಾನು ಬೇಡಿಕೊಂಡೆ, ದೊಡ್ಡಪ್ಪ ಬೈದ, ಚಿಗವ್ವ ಬಾಯಿ ತೆರೆಯಲಿಲ್ಲ. ಊರಿಗೆಲ್ಲ ಧೈರ್ಯ ಹೇಳುತ್ತಿದ್ದ ದೊಡ್ಡವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವಳು ಅತ್ತದ್ದನ್ನು ನಾನು ಅದೇ ಮೊದಲು ಕಂಡೆ.

"ಕುಡಿ ತಂಗೀ," ಎಂದಳು. ಅಷ್ಟು ವರ್ಷಗಳಲ್ಲಿ ಅವಳಿಗೆ ನೇರವಾಗಿ ಆಡಿದ ಮೊದಲ ಮಾತು. "ಕುಡಿ ನನ್ನವ್ವಾ. ನೀ ಹ್ವಾದ್ರ ನಾ ಯಾರ ಜೋಡಿ ಮಾತ ಬಿಟ್ಟ ಕುಂಡ್ರಲಿ?"

ಚಿಗವ್ವ ಕಣ್ಣು ತೆರೆದಳು. ಒಣಗಿದ ತುಟಿಯಲ್ಲಿ ನಗು ಬಂತೋ ಅಳು ಬಂತೋ, ಅಂತೂ ಬಾಯಿ ತೆರೆಯಿತು. ದೊಡ್ಡವ್ವ ಒಂದು ಚಮಚ ಹಾಕಿದಳು, ಮತ್ತೊಂದು ಹಾಕಿದಳು. ದೋಣಿ ಬರುವ ಹೊತ್ತಿಗೆ ಚಿಗವ್ವನ ಜೀವಕ್ಕೆ ಭಯವಿರಲಿಲ್ಲ. ದವಾಖಾನೆಗೆ ಕರೆದೊಯ್ಯಲು ಬಂದ ನರ್ಸಬಾಯಿ, "ಜೋಡಿ ಯಾರು ಬರ್ತೀರಿ?" ಎಂದು ಕೇಳಿದರು. ನಾವು ಬಾಯಿ ತೆರೆಯುವ ಮೊದಲೇ ಚಿಗವ್ವ ದೊಡ್ಡವ್ವನ ಸೆರಗು ಹಿಡಿದು ಅಂದಳು: "ನಮ್ಮಕ್ಕ ಬರ್ತಾಳ್ರಿ."