ಅನುಮಾನಾಸ್ಪದ ಡಬ್ಬಿಯ ವಿಷಯದಲ್ಲಿ ಸಾರ್ವಜನಿಕರ ಸಹಕಾರ

ಮನರಂಜನಾ ಉದ್ಯಾನದಲ್ಲಿ ಭದ್ರತೆಯನ್ನು ಬಿಗಿಗೊಳಿಸಲಾಯಿತು. ಅದಕ್ಕೆ ಕಾರಣವಾದದ್ದು ಉದ್ಯಾನದ ಮುಖ್ಯ ಭದ್ರತಾ ಅಧಿಕಾರಿಗಳ ಊಟದ ಡಬ್ಬಿ. ಈ ಸತ್ಯ ಬಹಳ ಕಾಲ ಒಬ್ಬರಿಗೆ ಮಾತ್ರ ಗೊತ್ತಿತ್ತು. ಆ ಒಬ್ಬರು ಮುಖ್ಯ ಭದ್ರತಾ ಅಧಿಕಾರಿಗಳೇ ಆಗಿದ್ದರಿಂದ ಗುಟ್ಟು ಭದ್ರವಾಗಿತ್ತು.

ಕೊರಳಲ್ಲಿ ಸದಾ ಒಂದು ಪೀಪಿ ನೇತಾಡುತ್ತಿದ್ದ ಕಾರಣ ಅವರನ್ನು ಎಲ್ಲರೂ ಪೀಪಿ ಸಾಹೇಬರು ಎನ್ನುತ್ತಿದ್ದರು. ಆದರೆ ಅದನ್ನು ಗಟ್ಟಿಯಾಗಿ ಊದುವ ಯೋಗ ಅವರಿಗೆ ಬಂದೇ ಇರಲಿಲ್ಲ. ಹುಲ್ಲು ತುಳಿಯುವ ಮಕ್ಕಳು, ಸಾಲು ತಪ್ಪಿಸಿ ನುಗ್ಗುವ ದೊಡ್ಡವರು, ಇಷ್ಟರ ಮೇಲೆ ಎಷ್ಟು ಊದಲಾದೀತು? ಅಪಾಯವೆಂಬುದು ಆ ಉದ್ಯಾನದ ಕಡೆ ತಲೆ ಹಾಕಿಯೂ ಮಲಗಿರಲಿಲ್ಲ. ಇದರಿಂದ ಜನರಿಗೆ ಒಳ್ಳೆಯದಾಯಿತೇ ಹೊರತು ಭದ್ರತಾ ಅಧಿಕಾರಿಗೆ ಆಗಲಿಲ್ಲ. ಉದ್ಯಾನದ ನಿರ್ದೇಶಕರು ಎದುರಾದಾಗಲೆಲ್ಲ, "ನೀವಿಲ್ಲಿ ಏನು ಕೆಲಸ ಮಾಡ್ತೀರಿ?" ಎಂದು ಕೇಳತೊಡಗಿದ್ದರು. ಮರೆತು ಕೇಳುತ್ತಾರೋ, ಮನೆಗೆ ಕಳಿಸುವ ಉದ್ದೇಶದಿಂದ ಕೇಳುತ್ತಾರೋ ಗೊತ್ತಾಗದೆ ಸಾಹೇಬರಿಗೆ ಹೊಟ್ಟೆಹುಣ್ಣು ಶುರುವಾಯಿತು.

ಹುಣ್ಣಿಗೆ ಡಾಕ್ಟರು ಹೇಳಿದ್ದು ಎರಡೇ ಔಷಧ: ಹೊತ್ತಿಗೆ ಸರಿಯಾಗಿ ಊಟ, ಊಟಕ್ಕೆ ಸೋರೆಕಾಯಿ. ಸಾಹೇಬರಿಗೆ ಊಟ ಮರೆಯುವ ಚಾಳಿ. ಆದ್ದರಿಂದ ಅವರ ಹೆಂಡತಿ ತವರಿನಿಂದ ತಂದಿದ್ದ ಸ್ಟೀಲಿನ ಡಬ್ಬಿಗೆ ಒಂದು ಹಳೆಯ ಅಲಾರಾಂ ಗಡಿಯಾರವನ್ನು ಕಟ್ಟಿದರು. ಡಬ್ಬಿಯ ಕೊಂಡಿ ಮುರಿದಿದ್ದರಿಂದ ಕೈಗೆ ಸಿಕ್ಕಿದ ಕೆಂಪು ವೈರನ್ನೇ ಸುತ್ತಿ ಬಿಗಿದರು.

"ಇದು ಟಿಕ್ ಟಿಕ್ ಅಂತಿದ್ರೆ ಮನೇಲಿ ಹೆಂಡ್ತಿ ಅಂತ ಒಬ್ಬಳಿದ್ದಾಳೆ, ಊಟ ಮಾಡ್ಬೇಕು ಅಂತಾದ್ರೂ ನೆನಪಾಗತ್ತೆ," ಎಂದರು ಆಕೆ.

ಸಾಹೇಬರು ಆ ಡಬ್ಬಿಯನ್ನು ದೊಡ್ಡ ಚಕ್ರದ ಪಕ್ಕದ ಬೆಂಚಿನ ಮೇಲಿಟ್ಟು, ಕಾರಂಜಿಯಲ್ಲಿ ಬಿದ್ದ ಯಾರದೋ ಟೋಪಿ ತೆಗೆಸಿಕೊಡಲು ಹೋದರು. ವಾಪಸು ಬರುವಷ್ಟರಲ್ಲಿ ಚಕ್ರ ತಿರುಗಿಸುವವನು ಎದ್ದೆನೋ ಬಿದ್ದೆನೋ ಎಂದು ಓಡಿ ಬಂದ.

"ಸಾಹೇಬ್ರೇ, ಬೆಂಚಿನ ಮೇಲೆ ಏನೋ ಇದೆ! ಟಿಕ್ ಟಿಕ್ ಅಂತಿದೆ! ಕೆಂಪು ವೈರು ಬೇರೆ!"

ಸಾಹೇಬರ ಮೈ ಜುಮ್ಮೆಂದಿತು. ಕೊನೆಗೂ ಬಂತಲ್ಲ ಅಪಾಯ! ಖುಷಿಯಲ್ಲಿ ಅವರಿಗೆ ಬೆಂಚೂ ನೆನಪಾಗಲಿಲ್ಲ, ಡಬ್ಬಿಯೂ ನೆನಪಾಗಲಿಲ್ಲ. ಕೆನ್ನೆ ಉಬ್ಬಿಸಿ ಪೀಪಿ ಊದಿದರು. ಚಕ್ರ ನಿಂತಿತು, ಜನ ಓಡಿದರು, ಹಗ್ಗ ಕಟ್ಟಿಸಿದ್ದಾಯಿತು. ಆಮೇಲೆ ಅವರು ನೆಲಕ್ಕೆ ಅಂಗಾತ ಬಿದ್ದು, ಅದು ಸರಿಯಲ್ಲವೆಂದು ಹೊಳೆದು ಬೋರಲಾಗಿ, ತೆವಳಿಕೊಂಡು ಹೋಗಿ ದುರ್ಬೀನು ಹಿಡಿದು ನೋಡಿದರು. ಅತ್ತೆ ಕೊಟ್ಟ ಡಬ್ಬಿ ಅವರನ್ನೇ ನೋಡುತ್ತಿತ್ತು.

ಎದ್ದು ನಿಂತು ವಿಷಯ ಹೇಳಬೇಕು ಅನ್ನುವಷ್ಟರಲ್ಲಿ ನಿರ್ದೇಶಕರು ಪತ್ರಿಕೆಯವರನ್ನು ಕರೆದುಕೊಂಡು ಬಂದು ಅವರ ಬೆನ್ನು ತಟ್ಟಿದರು. "ನೀವಿಲ್ಲಿ ಏನು ಕೆಲಸ ಮಾಡ್ತೀರಿ ಅಂತ ಇವತ್ತು ಗೊತ್ತಾಯ್ತು ನೋಡಿ!"

ಇಂಥ ಮಾತಿನ ಮೇಲೆ 'ಸ್ವಾಮಿ, ಅದು ನನ್ನ ಊಟ' ಎಂದು ಹೇಳುವ ಗಂಡು ಎಲ್ಲಿದ್ದಾನೆ? ಸಾಹೇಬರು ಬಾಯಿಗೆ ಬಂದದ್ದನ್ನು ನುಂಗಿಕೊಂಡರು. ಆ ಮಧ್ಯಾಹ್ನ ಅವರು ನುಂಗಿದ್ದು ಅದೊಂದೇ.

ತಜ್ಞರು ಬಂದು ಉದ್ದನೆಯ ಕೋಲಿನಿಂದ ಡಬ್ಬಿ ತೆರೆದರು, ಮೂಗಿಗೆ ಬಟ್ಟೆ ಕಟ್ಟಿಕೊಂಡು ಇಣುಕಿದರು, ವರದಿ ಬರೆದರು. "ಗುರುತಿಸಲಾಗದ ಹಸಿರು ಪದಾರ್ಥ. ಮನುಷ್ಯರು ತಿನ್ನುವಂಥದ್ದಲ್ಲ." ಅದರ ಕೆಳಗೆ ಮುಖ್ಯ ಭದ್ರತಾ ಅಧಿಕಾರಿಗಳು ರುಜು ಹಾಕಿದರು.

ಸಂಜೆ ಮನೆಯಲ್ಲಿ ಹೆಂಡತಿ ಕೇಳಿದರು. "ರೀ, ಡಬ್ಬಿ ಎಲ್ಲಿ?"

"ಆಫೀಸಲ್ಲೇ ಬಿಟ್ಟು ಬಂದೆ."

"ಪಲ್ಯ ಹೇಗಿತ್ತು?"

"ಅದಕ್ಕೇನಂತೆ, ಊರೆಲ್ಲ ಅದರದ್ದೇ ಮಾತು," ಎಂದರು ಸಾಹೇಬರು. ಆ ದಿನ ಅವರ ಬಾಯಿಂದ ಬಂದ ನಿಜ ಇದೊಂದೇ.

ಮರುದಿನ ಹೆಬ್ಬಾಗಿಲಿನಲ್ಲಿ ಪ್ರಕಟಣೆ ಅಂಟಿಸಲಾಯಿತು. ಉದ್ಯಾನದೊಳಗೆ ಯಾರೂ ಯಾವುದೇ ಡಬ್ಬಿ ತರತಕ್ಕದ್ದಲ್ಲ. ಸೊಂಟದ ಬೆಲ್ಟು ಕಳಚಿ ಕೈಯಲ್ಲಿ ಹಿಡಿಯತಕ್ಕದ್ದು, ಪ್ಯಾಂಟನ್ನು ಇನ್ನೊಂದು ಕೈಯಲ್ಲಿ ಹಿಡಿಯತಕ್ಕದ್ದು, ಮಗುವನ್ನು ಹಿಡಿಯಲು ಬೇರೊಬ್ಬರನ್ನು ಕರೆತರತಕ್ಕದ್ದು. ಖುಷಿಯ ಕಿರುಚಾಟಕ್ಕೂ ಗಾಬರಿಯ ಕಿರುಚಾಟಕ್ಕೂ ವ್ಯತ್ಯಾಸ ತಿಳಿಯದೆ ಸಿಬ್ಬಂದಿಗೆ ತೊಂದರೆಯಾಗುತ್ತಿರುವುದರಿಂದ, ಚಕ್ರದ ಮೇಲೆ ಕಿರುಚಲು ಇಚ್ಛಿಸುವವರು ಮೊದಲು ಕೈ ಎತ್ತಿ ಕಾರಣ ತಿಳಿಸತಕ್ಕದ್ದು. ಭೂತಬಂಗಲೆಯ ಭೂತಗಳು ಕೊರಳಲ್ಲಿ ಭಾವಚಿತ್ರವಿರುವ ಗುರುತಿನ ಚೀಟಿ ಧರಿಸಿ, ಅದನ್ನು ಬೆಳಕಿನಲ್ಲಿ ತೋರಿಸಿದ ಮೇಲೆಯೇ ಹೆದರಿಸತಕ್ಕದ್ದು.

ಮೊದಮೊದಲು ಜನ ಗೊಣಗಿದರು. "ದುಡ್ಡು ಕೊಟ್ಟು ಪ್ಯಾಂಟು ಹಿಡ್ಕೊಂಡು ನಿಲ್ಲೋಕೆ ಇಲ್ಲಿಗ್ಯಾಕೆ ಬರಬೇಕಿತ್ತು?" ಎಂದರು. ತಲೆಯ ಪಿನ್ನುಗಳನ್ನೆಲ್ಲ ತೆಗೆಸಿಕೊಂಡ ಅಜ್ಜಿಯೊಬ್ಬರು ಕಾವಲುಗಾರನ ಏಳು ತಲೆಮಾರಿಗೂ ಸಲ್ಲಬೇಕಾದ್ದನ್ನು ಸಲ್ಲಿಸಿದರು. ಆದರೆ ಮನುಷ್ಯನ ಸ್ವಭಾವ ನೋಡಿ, ಬರಬರುತ್ತಾ ಗಾಳಿ ತಿರುಗಿತು. ಬಾಗಿಲಲ್ಲಿ ಹೆಚ್ಚು ಹೊತ್ತು ತಡೆಹಿಡಿಯಲ್ಪಟ್ಟವರಿಗೆ ಮನೆಯಲ್ಲೂ ಬೀದಿಯಲ್ಲೂ ಒಂದು ತೂಕ ಬಂತು. ತಡೆಯಿಲ್ಲದೆ ಸುಮ್ಮನೆ ಒಳಗೆ ಹೋದವರಿಗೆ ಮುಖಭಂಗವಾಯಿತು. ನಿವೃತ್ತ ಮೇಷ್ಟ್ರೊಬ್ಬರು ಸೀದಾ ಪೀಪಿ ಸಾಹೇಬರ ಕೋಣೆಗೇ ನುಗ್ಗಿದರು.

"ಏನ್ರೀ ಇದು ಅನ್ಯಾಯ? ನನ್ನ ಷಡ್ಡಕನನ್ನ ನಿಮ್ಮವರು ಮೂರು ಸಲ ತಡವಿ ನೋಡಿದ್ರು. ನನ್ನನ್ನ 'ಹೋಗಿ ಮೇಷ್ಟ್ರೇ' ಅಂದುಬಿಟ್ರು. ನನ್ನ ಮುಖ ನೋಡಿದ್ರೆ ಒಂಚೂರೂ ಅನುಮಾನ ಬರಲ್ವಾ?"

"ಬರತ್ತೆ ಮೇಷ್ಟ್ರೇ, ಖಂಡಿತ ಬರತ್ತೆ," ಎಂದು ಸಾಹೇಬರು ಸಮಾಧಾನ ಮಾಡಿ, ಅವರನ್ನು ನಾಲ್ಕು ಸಲ ತಡವಿಸಿ ಕಳಿಸಿದರು. ಮೇಷ್ಟ್ರು ಷಡ್ಡಕನಿಗೆ ಫೋನು ಮಾಡುತ್ತಲೇ ಹೊರಗೆ ಹೋದರು.

ಹೀಗೆ ಎಲ್ಲರೂ ಸುಖವಾಗಿದ್ದರು, ಸಾಹೇಬರೊಬ್ಬರನ್ನು ಬಿಟ್ಟು. ಡಬ್ಬಿ ತರಬಾರದೆಂಬ ನಿಯಮ ಬರೆದವರು ಅವರೇ ಆದ್ದರಿಂದ, ಹೆಂಡತಿ ದಿನಾ ಕಟ್ಟಿಕೊಡುತ್ತಿದ್ದ ಪ್ಲಾಸ್ಟಿಕ್ ಡಬ್ಬಿಯನ್ನು ಬಾಗಿಲಲ್ಲಿ ತಮ್ಮ ಕೈಯಾರೆ ತಮ್ಮ ಸಿಬ್ಬಂದಿಗೇ ಒಪ್ಪಿಸಬೇಕಾಗುತ್ತಿತ್ತು. ಸಿಬ್ಬಂದಿ ಅದನ್ನು ನಿಯಮದ ಪ್ರಕಾರ ನಾಶಪಡಿಸುತ್ತಿದ್ದರು. ನಾಶಪಡಿಸಿದ ಮೇಲೆ ಅವರು ತೇಗುವುದೂ ಕೇಳುತ್ತಿತ್ತು. ಸಾಹೇಬರ ಹುಣ್ಣು ಉರಿಯತೊಡಗಿತು.

ಅಷ್ಟರಲ್ಲಿ ನಿರ್ದೇಶಕರಿಗೆ ಒಂದು ಯೋಚನೆ ಬಂತು. ಜನ ಡಬ್ಬಿಯ ಬಗ್ಗೆ ಇಷ್ಟು ಮಾತಾಡುತ್ತಾರಲ್ಲ, ಅದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ತೋರಿಸಿದರೆ ಹೇಗೆ? ಇಟ್ಟರು. ಅದರ ಮೇಲೊಂದು ಫಲಕದಲ್ಲಿ ತಜ್ಞರ ವರದಿಯನ್ನು ದೊಡ್ಡ ಅಕ್ಷರದಲ್ಲಿ ಬರೆಸಿ, ಸಾಹೇಬರ ರುಜುವನ್ನೂ ದೊಡ್ಡದು ಮಾಡಿಸಿದರು. ಜಾರುಬಂಡೆ, ಚಕ್ರ, ಭೂತಬಂಗಲೆ ಎಲ್ಲ ಖಾಲಿಯಾಗಿ ಡಬ್ಬಿಯ ಮುಂದೆ ಸಾಲು ಬೆಳೆಯಿತು. ಭೂತಗಳೂ ಬಿಡುವು ಮಾಡಿಕೊಂಡು ಬಂದು ನೋಡಿ ಹೆದರಿ ಹೋದವು.

ಊರೆಲ್ಲ ನೋಡಿದ ಮೇಲೆ ಸಾಹೇಬರ ಹೆಂಡತಿ ನೋಡದೆ ಇರುತ್ತಾರೆಯೇ? ಬಂದರು. ಸಾಲಿನಲ್ಲಿ ನಿಂತರು. ಪೆಟ್ಟಿಗೆಯ ಮುಂದೆ ತಲುಪಿ ಡಬ್ಬಿ ನೋಡಿದರು, ಗಡಿಯಾರ ನೋಡಿದರು, ತಲೆಯೆತ್ತಿ ಫಲಕ ಓದಿದರು. ಸಾಹೇಬರು ಅಲ್ಲೇ ಕಂಬದ ಮರೆಯಲ್ಲಿದ್ದರು. ಆ ಕಂಬ ಇನ್ನೂ ಸ್ವಲ್ಪ ದಪ್ಪಗಿರಬಾರದಿತ್ತೇ ಎಂದು ಅವರಿಗೆ ಅನ್ನಿಸಿತು.

"ಡಬ್ಬಿ ಹೋದ್ರೆ ಹೋಗ್ಲಿ," ಎಂದರು ಆಕೆ, ಸಾಲಿನ ಕೊನೆಯವರಿಗೂ ಕೇಳುವಂತೆ. "ಸುಳ್ಳು ಹೇಳಿದ್ರೆ ಹೇಳ್ಲಿ. ಆದ್ರೆ ನನ್ನ ಕೈಯಡುಗೆ ಮನುಷ್ಯರು ತಿನ್ನುವಂಥದ್ದಲ್ಲವಾ? ಅದಕ್ಕೆ ನೀವು ರುಜು ಹಾಕಿದ್ರಾ? ಈಚೆ ಬನ್ರೀ! ಆ ಡಬ್ಬಿ ನಂದು!"

ಸಾಹೇಬರು ಇನ್ನು ಮುಗಿಯಿತು ಎಂದುಕೊಂಡರು. ಆದರೆ ಸಾಲಿನಲ್ಲಿದ್ದ ಇನ್ನೊಬ್ಬ ಹೆಂಗಸು ಮುಂದೆ ಬಂದು, "ನಿಮ್ಮದು ಹೇಗಾಗತ್ತೆ? ಅದು ನಮ್ಮನೇದು!" ಎಂದರು. ಇಂಥ ಹೆಸರಾದ ಡಬ್ಬಿಯನ್ನು ಯಾರು ಬಿಡುತ್ತಾರೆ? ಆಕೆಯ ಹಿಂದೆ ಮತ್ತಿಬ್ಬರು ಬಂದರು. ನಿವೃತ್ತ ಮೇಷ್ಟ್ರೂ ಕೈ ಎತ್ತಿ, ಡಬ್ಬಿ ತಮ್ಮದೇ ಎಂದೂ, ಇಷ್ಟು ದಿನ ಸಂಕೋಚದಿಂದ ಸುಮ್ಮನಿದ್ದುದಾಗಿಯೂ ತಿಳಿಸಿದರು.

ನಿರ್ದೇಶಕರು ಕೂಡಲೇ ಒಂದು ಸಮಿತಿ ರಚಿಸಿದರು. ಅಧ್ಯಕ್ಷರು ಪೀಪಿ ಸಾಹೇಬರು. ಸದಸ್ಯರನ್ನು ನೇಮಿಸಲು ಸಮಯವಿರಲಿಲ್ಲ. ಹಕ್ಕುದಾರರೆಲ್ಲ ಮರುದಿನ ಆ ಹಸಿರು ಪದಾರ್ಥವನ್ನು ಮಾಡಿ ತರತಕ್ಕದ್ದು, ಅಧ್ಯಕ್ಷರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ರುಚಿ ನೋಡಿ ನಿಜವಾದದ್ದನ್ನು ಗುರುತಿಸತಕ್ಕದ್ದು ಎಂದು ಗೊತ್ತಾಯಿತು.

ಬಯಲಿನಲ್ಲಿ ಮೇಜು ಹಾಕಲಾಯಿತು. ಜನ ಜಾತ್ರೆಯಂತೆ ಸೇರಿದರು. ನಿರ್ದೇಶಕರು ಸಾಹೇಬರ ಬಲಗಿವಿಯಲ್ಲಿ ಹೇಳಿದರು, "ಯಾವುದೂ ಅಲ್ಲ ಅನ್ನಿ. ಅದು ಯಾರದೋ ಊಟ ಅಂತಾದ್ರೆ ಈ ಭದ್ರತೆ ಎಲ್ಲ ಯಾಕೆ ಅಂತ ಕೇಳ್ತಾರೆ. ಆಮೇಲೆ ನೀವ್ಯಾಕೆ ಅಂತ ನಾನೂ ಕೇಳಬೇಕಾಗತ್ತೆ." ಬಟ್ಟೆ ಕಟ್ಟುವ ನೆಪದಲ್ಲಿ ಬಂದ ಹೆಂಡತಿ ಎಡಗಿವಿಯಲ್ಲಿ ಹೇಳಿದರು, "ಇಷ್ಟು ವರ್ಷ ತಿಂದಿದ್ದೀರಿ. ಗುರುತು ಸಿಗಲಿಲ್ಲ ಅಂದ್ರೆ ಮನೆ ಕಡೆ ಬರಬೇಡಿ."

ಅತ್ತ ದರಿ, ಇತ್ತ ಪುಲಿ. ನಡುವೆ ಹಸಿದ ಹೊಟ್ಟೆಯ ಸಾಹೇಬರು.

ಮೊದಲನೆಯದು ಬೆಂದಿರಲಿಲ್ಲ. ಎರಡನೆಯದು ಹೆಚ್ಚೇ ಬೆಂದಿತ್ತು. ಮೂರನೆಯದಕ್ಕೆ ಖಾರ ಹಾಕಿದವರು ಯಾರ ಮೇಲೋ ಸಿಟ್ಟಿನಲ್ಲಿದ್ದರು. ಮೇಷ್ಟ್ರದು ಬಿಸಿನೀರಿನಲ್ಲಿ ಎಲೆ. ಕೊನೆಯ ಡಬ್ಬಿಯ ಮೊದಲ ತುತ್ತು ಬಾಯಿಗೆ ಹೋಯಿತು ನೋಡಿ, ಸಾಹೇಬರ ಕಣ್ಣಿಗೆ ಕಟ್ಟಿದ ಬಟ್ಟೆ ಒದ್ದೆಯಾಯಿತು. ಇನ್ನೊಂದು ತುತ್ತು ತಿಂದರು. ಮತ್ತೊಂದು ತಿಂದರು. ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಂತೆ ಡಬ್ಬಿಯ ತಳ ಕೆರೆದು, ಬೆರಳು ನೆಕ್ಕಿ, ಬಟ್ಟೆ ಬಿಚ್ಚಿದರು.

"ಇದೇ," ಎಂದರು. "ಇದು ನನ್ನ ಹೆಂಡ್ತಿ ಮಾಡಿದ ಸೋರೆಕಾಯಿ ಪಲ್ಯ. ಆ ಡಬ್ಬಿ ನಂದು. ಅದರಲ್ಲಿ ಯಾವ ಅಪಾಯವೂ ಇರಲಿಲ್ಲ, ನನ್ನ ಮಧ್ಯಾಹ್ನದ ಊಟ ಇತ್ತು. ಕೆಲಸ ಹೋಗತ್ತೆ ಅಂತ ಹೆದರಿ ಸುಳ್ಳಿಗೆ ರುಜು ಹಾಕಿದೆ. ತಪ್ಪಾಯ್ತು. ಕೆಲಸ ಹೋದ್ರೆ ಹೋಗ್ಲಿ, ಇಂಥ ಪಲ್ಯ ಇನ್ನೆಲ್ಲಿ ಸಿಗತ್ತೆ?"

ಹೆಂಡತಿ ಸೆರಗಿನಿಂದ ಮೂಗು ಒರೆಸಿಕೊಂಡರು. ನಿರ್ದೇಶಕರು ಕೆಂಪಗಾದರು. ಜನ ಸಾಹೇಬರನ್ನೂ ಖಾಲಿ ಡಬ್ಬಿಯನ್ನೂ ನೋಡಿದರು. ಆಗ ಮೇಷ್ಟ್ರು ಕುರ್ಚಿಯ ಮೇಲೆ ಹತ್ತಿ ನಿಂತರು.

"ನೋಡಿದ್ರಾ! ಮನುಷ್ಯರು ತಿನ್ನುವಂಥದ್ದಲ್ಲ ಅಂತ ತಜ್ಞರೇ ಬರೆದಿದ್ದಾರೆ. ಅಂಥದ್ದನ್ನ ನಮ್ಮ ಕಣ್ಣೆದುರೇ ನುಂಗಿಬಿಟ್ರು! ಯಾರಿಗೋಸ್ಕರ? ನಮಗೋಸ್ಕರ!"

"ಅಯ್ಯೋ, ಅದು ಊಟ ಕಣ್ರೀ!" ಎಂದು ಸಾಹೇಬರು ಕೂಗಿದರು.

"ಎಂಥ ವಿನಯ ನೋಡಿ!" ಎಂದರು ಮೇಷ್ಟ್ರು.

"ವರ್ಷಗಟ್ಟಲೆ ಮನೇಲೇ ಅಭ್ಯಾಸ ಮಾಡಿದ್ರಂತೆ," ಎಂದು ಯಾರೋ ಸೇರಿಸಿದರು. ಚಪ್ಪಾಳೆ ಬಿತ್ತು. ಚಪ್ಪಾಳೆ ತಟ್ಟಲು ಎರಡೂ ಕೈ ಬಿಟ್ಟವರ ಪ್ಯಾಂಟುಗಳು ಜಾರಿದವು, ಆದರೂ ಯಾರೂ ನಿಲ್ಲಿಸಲಿಲ್ಲ. ನಿರ್ದೇಶಕರು ಮುಖದ ಕೆಂಪನ್ನು ಹೆಮ್ಮೆಗೆ ತಿರುಗಿಸಿಕೊಂಡು, ಸಾಹೇಬರಿಗೆ ಬಡ್ತಿ ನೀಡಲಾಗಿದೆಯೆಂದು ಘೋಷಿಸಿದರು. ಅವರ ಹೆಂಡತಿಯನ್ನು ಉದ್ಯಾನಕ್ಕೆ ಅನುಮಾನಾಸ್ಪದ ಪದಾರ್ಥಗಳ ಅಧಿಕೃತ ಪೂರೈಕೆದಾರರನ್ನಾಗಿ ನೇಮಿಸಿದರು.

"ಫಲಕ?" ಎಂದು ಕೇಳಿದರು ಹೆಂಡತಿ. ಆಕೆ ಅಷ್ಟು ಸುಲಭಕ್ಕೆ ಬಗ್ಗುವವರಲ್ಲ.

ಫಲಕವನ್ನು ತಿದ್ದಲಾಯಿತು. "ಕಂಡಕಂಡವರು ತಿನ್ನುವಂಥದ್ದಲ್ಲ" ಎಂದಾಯಿತು. ಆಕೆ ಎರಡು ಸಲ ಓದಿ, ಇದು ನಿಜ, ಇರಲಿ ಎಂದರು.

ಈಗ ಉದ್ಯಾನದಲ್ಲಿ ಎಲ್ಲವೂ ವ್ಯವಸ್ಥಿತವಾಗಿ ನಡೆಯುತ್ತಿದೆ. ಪ್ರತಿ ಮಧ್ಯಾಹ್ನ ಬೆಂಚಿನ ಮೇಲೆ ಡಬ್ಬಿ ಪತ್ತೆಯಾಗುತ್ತದೆ. ಸಾಹೇಬರು ಪೀಪಿ ಊದುತ್ತಾರೆ. ಜನ ಕೈ ಎತ್ತಿ, ಕಾರಣ ತಿಳಿಸಿ, ಕಿರುಚುತ್ತಾ ಓಡಿ ಹಗ್ಗದ ಆಚೆ ನಿಲ್ಲುತ್ತಾರೆ. ಓಡುವುದಕ್ಕೆ ಬೇರೆ ಟಿಕೆಟ್ಟಿದೆ. ಖಾಲಿಯಾದ ಬಯಲಿನ ನಡುವೆ ಸಾಹೇಬರು ಹೆಂಡತಿಯ ಪಕ್ಕ ಕೂತು, ಯಾರ ಕಾಟವೂ ಇಲ್ಲದೆ ಅಪಾಯವನ್ನು ಕಲಸಿ ತಿನ್ನುತ್ತಾರೆ. ತುತ್ತು ತುತ್ತಿಗೂ ಜನ ಉಸಿರು ಬಿಗಿಹಿಡಿಯುತ್ತಾರೆ. ಹುಣ್ಣು ಪೂರ್ತಿ ವಾಸಿಯಾಗಿದೆ.

ದೂರು ಬಂದಿರುವುದು ಒಂದೇ. ಮೊನ್ನೆ ಮೇಷ್ಟ್ರು ಹಗ್ಗದಾಚೆಯಿಂದ ಸಾಹೇಬರ ಮುಖವನ್ನೇ ನೋಡುತ್ತಿದ್ದವರು, ಟಿಕೆಟ್ಟನ್ನು ಕಾವಲುಗಾರನ ಮುಂದೆ ಹಿಡಿದರು.

"ದುಡ್ಡು ವಾಪಸ್ ಕೊಡ್ರೀ. ಇವತ್ತು ಅಪಾಯಕ್ಕೆ ಉಪ್ಪು ಕಮ್ಮಿ."

ಕಾವಲುಗಾರ ಓಡಿಹೋಗಿ ಒಂದು ಬೆರಳು ಪಲ್ಯ ನೆಕ್ಕಿ ನೋಡಿ ಬಂದ. ದೂರು ನಿಜವೆಂದು ಕಂಡುಬಂದದ್ದರಿಂದ ದುಡ್ಡು ವಾಪಸು ಕೊಡಲಾಯಿತು.