ಬೊಂತೆಗೆ ತಲೆ ಯಾವ ಕಡೆ?

— ನಮ್ಮಕ್ಕನ ಸೀರೆ ಕಾಲಿನ ಕಡೆ ಬರಕೂಡದು ಅಂದ್ರೆ ಬರಕೂಡದು ಕಣೇ.

— ಹಂಗಾದ್ರೆ ನನ್ನ ತಂಗೀದು ಬರಬಹುದೋ?

ಜಂಗಮಕೋಟೆಯ ರಾಮಾಂಜಿನಪ್ಪ ಮೀಸೆ ನೇವರಿಸಿಕೊಂಡ. ಹೆಂಡತಿ ಮುನಿಗಂಗಮ್ಮ ನಡುಮನೆಯ ತುಂಬ ಬಟ್ಟೆಯ ಚೌಕಗಳನ್ನು ಹರವಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದಳು. ಮಗಳು ಪದ್ಮಶ್ರೀಯ ಕೂಸನ್ನು ನಾಳೆ ತೊಟ್ಟಿಲಿಗೆ ಹಾಕಬೇಕು. ಹಸುಗೂಸಿನ ಮೈಗೆ ಹೊಸ ಬಟ್ಟೆ ತಾಗಬಾರದೆಂದು ನೆಂಟರೆಲ್ಲ ಉಟ್ಟು, ಒಗೆದು ಮೆತ್ತಗಾದದ್ದನ್ನು ಕೊಡುವುದು, ಅದನ್ನೆಲ್ಲ ಕತ್ತರಿಸಿ ಜೋಡಿಸಿ ಬೊಂತೆ ಹೊಲಿಯುವುದು ಆ ಮನೆಯ ರೂಢಿ.

ಕೊಟ್ಟವರಲ್ಲಿ ಪೆರೇಸಂದ್ರದ ಆದಿಲಕ್ಷ್ಮಮ್ಮ ರಾಮಾಂಜಿನಪ್ಪನ ಅಕ್ಕ, ನಗರಗೆರೆಯ ಕಲ್ಯಾಣಿ ಮುನಿಗಂಗಮ್ಮನ ತಂಗಿ. ಪದ್ಮಶ್ರೀಯ ಮದುವೆ ದಿನ ವ್ಯಾನಿನ ಮುಂದಿನ ಸೀಟಿಗಾಗಿ ನಡೆದ ಮಹಾಯುದ್ಧದಿಂದೀಚೆಗೆ ಇಬ್ಬರಿಗೂ ಮಾತಿಲ್ಲ. ನಾಳೆ ಇಬ್ಬರೂ ಬರುತ್ತಾರೆ. ಮಗುವಿನ ಮುಖಕ್ಕಿಂತ ಮೊದಲು ಬೊಂತೆಯಲ್ಲಿ ತಮ್ಮ ತುಂಡನ್ನು ಹುಡುಕುತ್ತಾರೆ. ಗೃಹಪ್ರವೇಶದಲ್ಲಿ ಕುಂಕುಮ ಕೊಡುವುದು ತಡವಾಯಿತೆಂದು ಎಲೆ ಬಿಟ್ಟು ಎದ್ದವಳು ಅಕ್ಕ. ಈ ಸಲವೂ ಎದ್ದರೆ ಮತ್ತೆ ತವರಿನ ಹೊಸಲು ತುಳಿಯಲಾರಳು. ರಾಮಾಂಜಿನಪ್ಪ ಹೆಂಡತಿಯ ಸೂಜಿಯ ಪಕ್ಕ ಬಿಟ್ಟು ಕದಲದಿದ್ದುದು ಅದಕ್ಕೆ.

ಇಬ್ಬರನ್ನೂ ತಲೆಯ ಕಡೆಗೇ ಪಕ್ಕಪಕ್ಕ ಹಾಕು ಎಂದ. ಹಾಕಿದರೆ ದಾರ ತಾನೇ ಕಿತ್ತುಕೊಂಡು ಬರುತ್ತದೆ ಎಂದಳು. ಮೂಲೆಗೊಬ್ಬರಂತೆ ಹಾಕು ಎಂದ. ಮಡಿಸಿದಾಗ ಒಬ್ಬರ ಮೇಲೊಬ್ಬರು ಬೀಳುತ್ತಾರೆ ಎಂದಳು.

— ತಲೆ, ಕಾಲು ಅನ್ನೋದೇ ಇಲ್ದಂಗೆ ದುಂಡಗೆ ಹೊಲಿದ್ಬಿಡು.

— ನಾನು ಬೊಂತೆ ಹೊಲೀತಿದೀನಾ, ಒಬ್ಬಟ್ಟು ತಟ್ತಿದೀನಾ?

ರಾಮಾಂಜಿನಪ್ಪ ಕೈ ಹಿಂದೆ ಕಟ್ಟಿಕೊಂಡು, ರಣಭೂಮಿಯನ್ನು ಪರೀಕ್ಷಿಸುವ ಸೇನಾಪತಿಯಂತೆ ಚೌಕಗಳ ಸುತ್ತ ನಡೆದ. ಹೊಳೆಯಿತು.

— ಇಬ್ಬರ ಮಧ್ಯ ಒಂದು ಗಡಿ ಹಾಕು. ಎರಡೂ ಕಡೆಗೆ ಬೇಕಾದೋರ ಬಟ್ಟೆ.

— ಎರಡೂ ಕಡೆಗೆ ಬೇಕಾದೋರು ಈ ಮನೇಲಿ ನೀವೊಬ್ರೇ.

ಈ ಹೊಗಳಿಕೆಗೆ ರಾಮಾಂಜಿನಪ್ಪ ಉಬ್ಬಿಹೋದ. ಅವನ ಉಬ್ಬು ಇಳಿಯುವಷ್ಟರಲ್ಲಿ ಮುನಿಗಂಗಮ್ಮ ಗೂಟದಿಂದ ನೀಲಿ ಚೌಕಳಿಯ ಅಂಗಿ ತೆಗೆದು ಕತ್ತರಿ ಹಿಡಿದಿದ್ದಳು. ಅದು ಬರಿಯ ಅಂಗಿಯಲ್ಲ. ಅದನ್ನು ತೊಟ್ಟು ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡು ಒಯ್ದ ದಿನವೆಲ್ಲ ಒಳ್ಳೆಯ ಬೆಲೆ ಬಂದಿದೆಯೆಂದು ಊರಿಗೆಲ್ಲ ಸಾರಿದವನು ಅವನು.

— ಅದು ಹೊಸದು ಕಣೇ. ಮಗೂಗೆ ಆಗಲ್ಲ.

— ಕಾಲರು ಒಂದ್ಸಲ ತಿರುಗಿಸಿ ಹೊಲಿದೆ, ಆಮೇಲೆ ವಾಪಸ್ ತಿರುಗಿಸಿ ಹೊಲಿದೆ. ಇನ್ನು ತಿರುಗ್ಸಕ್ಕೆ ಅದಕ್ಕೆ ಮೂರನೇ ಮೈ ಇಲ್ಲ.

— ನಾಳಿದ್ದು ಗೂಡು ತಗೊಂಡು ಹೋಗ್ಬೇಕಲ್ಲೇ.

— ಅಂಗಿ ಬೇಕೋ, ಅಕ್ಕ ಬೇಕೋ?

ತಮ್ಮನಾದವನು ಯೋಚಿಸಬೇಕಾದ್ದಕ್ಕಿಂತ ತುಸು ಹೆಚ್ಚೇ ಹೊತ್ತು ಯೋಚಿಸಿ, ಜೇಬನ್ನಾದರೂ ಉಳಿಸು ಎಂದ. ಜೇಬಿನ ಹತ್ತಿರ ಬಟ್ಟೆ ಎರಡು ಪದರ, ಗಡಿಗೆ ಅದೇ ಗಟ್ಟಿ ಎಂದು ಅವಳು ಅಲ್ಲಿಗೇ ಕತ್ತರಿ ಹಾಕಿದಳು.

ಮಾರನೆಯ ದಿನ ಆದಿಲಕ್ಷ್ಮಮ್ಮ ತೊಟ್ಟಿಲಿನ ಬಲಕ್ಕೆ ಬಂದು ನಿಂತಳು, ಕಲ್ಯಾಣಿ ಎಡಕ್ಕೆ. ಇಬ್ಬರೂ ಬಗ್ಗಿದರು. ತಲೆಯ ಕಡೆ ಇಬ್ಬರ ಚೌಕವೂ ಸರಿಸಮ, ನಡುವೆ ಗಡಿ. ಅಕ್ಕನ ಬೆರಳು ನಿಧಾನವಾಗಿ ಮುಂದೆ ಬಂದು ಗಡಿಯ ಮೇಲೆ ನಿಂತಿತು.

— ಇದ್ಯಾರದು ಮಧ್ಯದಲ್ಲಿ, ಜೇಬಿಟ್ಕೊಂಡು?

— ಭಾವಂದು ಅಕ್ಕಾ.

ಮದುವೆಯಿಂದೀಚೆಗೆ ಕಲ್ಯಾಣಿ ಆದಿಲಕ್ಷ್ಮಮ್ಮನೊಡನೆ ಆಡಿದ ಮೊದಲ ಮಾತು ಅದು.

— ನಮ್ಮಿಬ್ಬರ ಮಧ್ಯ ಇವನಿಗೇನಮ್ಮ ಕೆಲಸ?

— ಅದನ್ನೇ ನಾನೂ ಕೇಳಣ ಅಂತಿದ್ದೆ. ಅವತ್ತು ನಾವಿಬ್ರೂ ಕಿತ್ತಾಡ್ತಿದ್ದಾಗ ವ್ಯಾನಿನ ಮುಂದಿನ ಸೀಟಲ್ಲಿ ಹೋಗಿ ಕೂತೋರೂ ಇವರೇ ತಾನೆ?

ಆದಿಲಕ್ಷ್ಮಮ್ಮ ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಹೌದಲ್ಲ ಎಂದಳು. ಆಮೇಲೆ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು, ಒಬ್ಬಳು ಹಿಡಿದರೆ ಇನ್ನೊಬ್ಬಳು ಗಡಿಯ ಹೊಲಿಗೆ ಬಿಚ್ಚಿ, ತಮ್ಮ ಚೌಕಗಳನ್ನು ಅಂಚಿಗೆ ಅಂಚು ಸೇರಿಸಿ ಹೊಲಿದರು. ಜೇಬು ಕಾಲಿನ ಕಡೆಗೆ ಹೋಯಿತು. ಕೂಸು ಮಲಗಿದ್ದೇ ತಡ, ಎರಡೂ ಕಾಲೆತ್ತಿ ಅದನ್ನು ಒದೆಯತೊಡಗಿತು.

ರಾಮಾಂಜಿನಪ್ಪ ಹೆಂಡತಿಯನ್ನು ಅಡುಗೆಮನೆಗೆ ಕರೆದು ಪಿಸುಗುಟ್ಟಿದ.

— ಅಂಗೀನೂ ಹೋಯ್ತು, ಮರ್ಯಾದೆನೂ ಹೋಯ್ತಲ್ಲೇ.

— ಅಕ್ಕ ಉಳಿದ್ರಲ್ಲ, ಸುಮ್ನಿರಿ. ಸಾಯಂಕಾಲ ಅಳಿಯಂದ್ರು ಕಾರಲ್ಲಿ ಅವರನ್ನ ಬಸ್‌ಸ್ಟಾಂಡಿಗೆ ಬಿಡ್ತಾರೆ. ಇಬ್ರೂ ಮುಂದಿನ ಸೀಟಲ್ಲೇ ಒತ್ಕೊಂಡು ಕೂತ್ಕೋತಾರಂತೆ.

— ಹಿಂದೆ ನಾನು ಕೂತ್ಕೋತೀನಿ ಬಿಡು.

— ಹಿಂದೆ ಅವರ ಬ್ಯಾಗು ಕೂತ್ಕೋತವೆ. ನೀವು ನಡ್ಕೊಂಡು ಬನ್ನಿ.